ತೂಕ ಹೆಚ್ಚಿರುವವರ ಓಟ: ಮೂವತ್ತು ಸೆಕೆಂಡಿನಿಂದ ಮೂವತ್ತು ನಿಮಿಷಕ್ಕೆ

ತೂಕ ಹೆಚ್ಚಿರುವವರು ಓಡಲು ಆರಂಭಿಸಿ ಕೈಬಿಡುವುದು ಅನೇಕ ವೇಳೆ ಮೊದಲ ದಿನವಲ್ಲ, ಮೂರನೆಯ ಅಥವಾ ನಾಲ್ಕನೆಯ ವಾರದಲ್ಲಿ. ಆ ಹೊತ್ತಿಗೆ ಏದುಸಿರು ತಗ್ಗಿರುತ್ತದೆ, ಹುಮ್ಮಸ್ಸು ಏರಿರುತ್ತದೆ, ಪಾರ್ಕಿನಲ್ಲಿ ಇನ್ನೆರಡು ಸುತ್ತು ಹಾಕೋಣ ಎನ್ನಿಸುತ್ತದೆ. ಮರುವಾರ ಹಿಮ್ಮಡಿಯೋ ಮಂಡಿಯೋ ಹಿಡಿದುಕೊಂಡು ಓಟ ಅಲ್ಲಿಗೆ ನಿಲ್ಲುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹೊಸ ದುಡಿಮೆಗೆ ಒಗ್ಗಿಕೊಳ್ಳುತ್ತವೆ, ಆದರೆ ಸ್ನಾಯುರಜ್ಜು ಮತ್ತು ಮೂಳೆಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಎರಡರ ನಡುವಿನ ಅಂತರವನ್ನು ದಾಟುವುದು ಹೇಗೆಂಬುದೇ ಈ ಲೇಖನದ ವಿಷಯ. ಉಸಿರು ಎಷ್ಟಕ್ಕೆ ಅನುಮತಿ ಕೊಡುತ್ತದೆಯೋ ಅದಕ್ಕಿಂತ ಕಡಿಮೆ ಓಡುವುದನ್ನು ಕಲಿತವರು ಮಾತ್ರ ಆರು ತಿಂಗಳ ನಂತರವೂ ಓಡುತ್ತಿರುತ್ತಾರೆ.

ಲೆಕ್ಕವನ್ನು ಒಮ್ಮೆ ನೋಡಿ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಪಾದದ ಮೇಲೆ ಬೀಳುವ ಭಾರ ದೇಹದ ತೂಕಕ್ಕಿಂತ ತುಸುವೇ ಹೆಚ್ಚು. ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲ ಬಿಟ್ಟು ಮತ್ತೆ ಒಂದೇ ಪಾದದ ಮೇಲೆ ಇಳಿಯುವುದರಿಂದ ಅದು ತೂಕದ ಎರಡರಿಂದ ಮೂರು ಪಟ್ಟಾಗುತ್ತದೆ. 95 ಕಿಲೋ ತೂಗುವವರಿಗೆ ಇದು ಹೆಜ್ಜೆಗೆ 190ರಿಂದ 285 ಕಿಲೋ. ಒಂದು ಕಿಲೋಮೀಟರಿನಲ್ಲಿ ಅಂಥ ಹೆಜ್ಜೆಗಳು ಸಾವಿರಕ್ಕೂ ಹೆಚ್ಚು. 65 ಕಿಲೋದ ಗೆಳೆಯನಿಗೆ ಹೊಂದಿದ ವೇಳಾಪಟ್ಟಿಯನ್ನೇ ನೀವೂ ಹಿಡಿಯಬಾರದೆನ್ನುವುದಕ್ಕೆ ಕಾರಣ ಇದು.

ಮೊದಲು ಅಳತೆ, ನಂತರ ವೈದ್ಯರು

ಎತ್ತರ, ತೂಕ ಮತ್ತು ಸೊಂಟದ ಸುತ್ತಳತೆಯನ್ನು ಬರೆದಿಟ್ಟುಕೊಳ್ಳಿ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಬಿಎಂಐ, ಭಾರತೀಯರ ಮಟ್ಟಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಇಲ್ಲಿನ ವೈದ್ಯರು ಪರಿಗಣಿಸುತ್ತಾರೆ. ಪಾಶ್ಚಾತ್ಯರಿಗೆ ಈ ಗಡಿಗಳು 25 ಮತ್ತು 30. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಹೊಟ್ಟೆಯ ಸುತ್ತಲಿನ ಕೊಬ್ಬಿನ ಬಗ್ಗೆ ಎಚ್ಚರ ಬೇಕು.

ಬಿಪಿ, ಶುಗರ್ ಅಥವಾ ಹೃದಯದ ತೊಂದರೆ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾದ ಹಿನ್ನೆಲೆ ಇರುವವರು, ಮೆಟ್ಟಿಲು ಹತ್ತುವಾಗ ಎದೆ ಬಿಗಿಯುವವರು ಮತ್ತು ನಲವತ್ತು ದಾಟಿಯೂ ವರ್ಷಗಳಿಂದ ವ್ಯಾಯಾಮದ ಗಂಧ ಕಾಣದವರು ವೈದ್ಯರನ್ನು ಕಂಡೇ ಮುಂದುವರಿಯಬೇಕು. ಇಸಿಜಿ ಅಥವಾ ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಬೇಡವೇ ಎಂಬುದನ್ನು ಅವರೇ ತೀರ್ಮಾನಿಸಲಿ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಓಟದ ನಡುವೆ ಸಕ್ಕರೆ ದಿಢೀರನೆ ಕುಸಿಯಬಹುದಾದ್ದರಿಂದ ಔಷಧಿಯ ಹೊತ್ತು ಮತ್ತು ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಬೇಕು, ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಬೇಕು. ಮಧುಮೇಹಿಗಳಿಗೆ ಪಾದದ ಸ್ಪರ್ಶ ಮಂದವಾಗಿರುವ ಸಂಭವವೂ ಇದೆ. ಓಡಿ ಬಂದ ಮೇಲೆ ಬೊಕ್ಕೆ, ಗಾಯಗಳಿವೆಯೇ ಎಂದು ಪಾದವನ್ನು ಕಣ್ಣಿನಿಂದಲೇ ನೋಡಿ ಖಚಿತಪಡಿಸಿಕೊಳ್ಳುವುದು ಅವರಿಗೆ ಕಡ್ಡಾಯ.

ಇಲ್ಲಿ ನೆಂಟರಿಷ್ಟರ ಮಾತೊಂದಕ್ಕೆ ಉತ್ತರ ಹೇಳಿಬಿಡಬೇಕು. 'ಇಷ್ಟು ದಪ್ಪ ಇದ್ದುಕೊಂಡು ಓಡಿದರೆ ಮಂಡಿ ಸವೆದುಹೋಗುತ್ತೆ' ಎನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರ ಪೈಕಿ ಸುಮಾರು ಶೇ 3.5 ಮಂದಿಗೆ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಕಂಡುಬಂದರೆ, ಓಡದೆ ಕುಳಿತೇ ಇರುವವರಲ್ಲಿ ಅದು ಶೇ 10ರಷ್ಟಿತ್ತು. ಆ ಓಟಗಾರರೆಲ್ಲ ದಪ್ಪಗಿದ್ದವರಲ್ಲ, ಆದ್ದರಿಂದ ಈ ಅಂಕಿಯನ್ನು ನಮ್ಮ ಮಂಡಿಗೆ ನೇರವಾಗಿ ಅನ್ವಯಿಸಿಕೊಳ್ಳುವಂತಿಲ್ಲ. ಆದರೆ ಮಂಡಿ ಸವೆಯಲು ಅಧಿಕ ತೂಕವೇ ಒಂದು ದೊಡ್ಡ ಕಾರಣವೆಂಬುದೂ, ಒಂದು ಕಿಲೋ ಇಳಿದರೆ ಮಂಡಿಯ ಮೇಲೆ ಪ್ರತಿ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆಂಬುದೂ ಸಂಶೋಧನೆಗಳಲ್ಲಿ ಕಂಡ ಸಂಗತಿ. ಈಗಾಗಲೇ ಮಂಡಿ ಊದಿಕೊಂಡಿರುವವರಿಗೆ ಮಾತ್ರ ನೆಂಟರ ಮಾತು ಸರಿ. ಅವರು ಈಜು ಅಥವಾ ಸೈಕಲ್ಲಿನಿಂದ ಆರಂಭಿಸುವುದು ಲೇಸು.

ಓಟಕ್ಕೆ ಮೊದಲು ನಡಿಗೆ

ವಾರಕ್ಕೆ ಐದು ದಿನ, ದಿನಕ್ಕೆ ಮೂವತ್ತು ನಿಮಿಷ ಬಿರುಸಾಗಿ ನಡೆದು, ಮರುದಿನ ಎದ್ದಾಗ ಯಾವ ನೋವೂ ಇಲ್ಲದಂತಾಗುವವರೆಗೆ ಓಟದ ಮಾತೇ ಬೇಡ. ಹಲವರಿಗೆ ಇದಕ್ಕೆ ಮೂರು ನಾಲ್ಕು ವಾರ ಸಾಕು, ಕೆಲವರಿಗೆ ಎರಡು ತಿಂಗಳೂ ಹಿಡಿಯಬಹುದು. ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಕನಿಷ್ಠ ಪ್ರಮಾಣವೂ ಇಷ್ಟೇ ಆಗಿರುವುದರಿಂದ, ಈ ಹಂತದಲ್ಲೇ ನಿಂತರೂ ನಷ್ಟವೇನಿಲ್ಲ.

ಇದೇ ಅವಧಿಯಲ್ಲಿ ವಾರಕ್ಕೆರಡು ಬಾರಿ ಕಾಲಿಗೆ ಬಲ ತುಂಬುವ ವ್ಯಾಯಾಮಗಳನ್ನೂ ಆರಂಭಿಸಿ. ಕುರ್ಚಿಯ ಮೇಲೆ ಕೈ ಊರದೆ ಕುಳಿತು ಏಳುವುದು, ಗೋಡೆ ಹಿಡಿದು ಹಿಮ್ಮಡಿಗಳನ್ನೆತ್ತಿ ನಿಧಾನವಾಗಿ ಇಳಿಸುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು: ಮೂರನ್ನೂ ಹತ್ತು ಹನ್ನೆರಡು ಸಲದಂತೆ ಎರಡು ಸುತ್ತು ಮಾಡಿದರೆ ಸಾಕು. ಜಿಮ್ಮಿನ ಅಗತ್ಯವಿಲ್ಲ. ಮೀನಖಂಡ ಮತ್ತು ತೊಡೆಯ ಸ್ನಾಯುಗಳು ಬಲಿತಷ್ಟೂ ಕೀಲುಗಳ ಮೇಲಿನ ಏಟು ಕಡಿಮೆ.

ಶೂ, ಬಟ್ಟೆ, ನೆಲ

ಹಣ ಖರ್ಚು ಮಾಡಲೇಬೇಕಾದದ್ದು ಶೂಗಳಿಗೆ ಮಾತ್ರ. ಸಂಜೆಯ ಹೊತ್ತು, ಪಾದ ತುಸು ಉಬ್ಬಿರುವಾಗ ಅಂಗಡಿಗೆ ಹೋಗಿ, ಓಡುವಾಗ ಹಾಕುವ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಅತ್ಯಂತ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗವಿರಬೇಕು. ಭಾರದ ದೇಹದವರ ಪಾದ ಅಗಲವಾಗಿರುವುದುಂಟು, ಆದ್ದರಿಂದ ಅಗಲದ ಮಾದರಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ. ಹೊರಗಿನಿಂದ ಚೆನ್ನಾಗಿಯೇ ಕಂಡರೂ 500ರಿಂದ 800 ಕಿಲೋಮೀಟರ್ ಓಡಿದ ಶೂವಿನ ಒಳಮೆತ್ತೆ ಸತ್ತಿರುತ್ತದೆ. ತೂಕ ಹೆಚ್ಚಿದ್ದರೆ ಕಡಿಮೆ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಕಿತ್ತುಹೋಗುವುದು ಅನೇಕರು ಬಾಯಿಬಿಟ್ಟು ಹೇಳದ, ಆದರೆ ಓಟ ಬಿಡಿಸುವಷ್ಟು ತ್ರಾಸದಾಯಕವಾದ ಸಮಸ್ಯೆ. ಹತ್ತಿಯ ಬಟ್ಟೆ ಬೆವರಿನಿಂದ ಒದ್ದೆಯಾಗಿ ಒರಟಾಗುತ್ತದೆ. ಬೆವರು ಬೇಗ ಆರುವ ಬಟ್ಟೆಯ, ಮಂಡಿಯವರೆಗೆ ಮೈಗಂಟುವ ಚಡ್ಡಿಯನ್ನು ಒಳಗೆ ತೊಟ್ಟು, ಉಜ್ಜುವ ಜಾಗಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿಕೊಂಡರೆ ತೊಂದರೆ ಬಹುತೇಕ ನೀಗುತ್ತದೆ. ಮಹಿಳೆಯರಿಗೆ ಬಿಗಿಯಾಗಿ ಹಿಡಿದಿಡುವ ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಮುಖ್ಯ.

ನೆಲದ ಆಯ್ಕೆಯಲ್ಲಿ ಮಣ್ಣಿನ ಸಮತಟ್ಟಾದ ದಾರಿಗೆ ಮೊದಲ ಸ್ಥಾನ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್, ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ದಂಡೆ ಇದೆ. ಜಿಲ್ಲಾ ಕೇಂದ್ರಗಳಲ್ಲಿ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್ ಸಿಗುತ್ತದೆ. ಬಡಾವಣೆಯ ಪುಟ್ಟ ಪಾರ್ಕುಗಳಲ್ಲಿ ಪದೇ ಪದೇ ಬರುವ ಕಿರಿದಾದ ತಿರುವುಗಳು ಕಣಕಾಲಿಗೆ ಹೊರೆ, ಅಲ್ಲಿನ ಹೆಂಚುಗಳು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತವೆ. ಬೀದಿನಾಯಿ ಹಿಂದೆ ಬಿದ್ದರೆ ಓಟ ನಿಲ್ಲಿಸಿ ನಡೆಯಬೇಕು, ವೇಗ ಹೆಚ್ಚಿಸಬಾರದು.

ಮೂವತ್ತು ಸೆಕೆಂಡಿನ ಮೊದಲ ಮೆಟ್ಟಿಲು

ನಡೆದು ಓಡುವ ಕ್ರಮವನ್ನು ಜನಪ್ರಿಯಗೊಳಿಸಿದವರು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ. ಓಡದವರನ್ನು ಒಂಬತ್ತು ವಾರಗಳಲ್ಲಿ 5 ಕಿಲೋಮೀಟರ್ ಓಟಕ್ಕೆ ಕೊಂಡೊಯ್ಯುವ 'ಕೌಚ್ ಟು 5ಕೆ' ಎಂಬ ಪಟ್ಟಿಯನ್ನು ಜಾಶ್ ಕ್ಲಾರ್ಕ್ ಎಂಬುವರು 1996ರಲ್ಲಿ ರೂಪಿಸಿದ ಮೇಲೆ ಈ ಕ್ರಮ ಎಲ್ಲೆಡೆ ಹರಡಿತು. ಇಂದು ಅದು ಮೊಬೈಲ್ ಆ್ಯಪ್‌ಗಳಲ್ಲೂ ಸಿಗುತ್ತದೆ. ಅದರ ಮೊದಲ ವಾರದಲ್ಲಿ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಇದನ್ನು ಇಪ್ಪತ್ತು ನಿಮಿಷ ಮುಂದುವರಿಸಬೇಕು, ವಾರಕ್ಕೆ ಮೂರು ದಿನ.

ಪಟ್ಟಿ ಒಳ್ಳೆಯದೇ, ಆದರೆ ಭಾರದ ದೇಹಕ್ಕೆ ಅದರ ಮೆಟ್ಟಿಲುಗಳು ಎತ್ತರ. ಬಿಎಂಐ 30 ದಾಟಿದ ಹೊಸ ಓಟಗಾರರು ಮೊದಲ ವಾರದಲ್ಲೇ ಒಟ್ಟು 3 ಕಿಲೋಮೀಟರಿಗಿಂತ ಹೆಚ್ಚು ಓಡಿದರೆ ಗಾಯದ ಸಂಭವ ಹೆಚ್ಚಬಹುದೆಂದು ಡೆನ್ಮಾರ್ಕ್‌ನ ಸಂಶೋಧಕರು 2014ರಲ್ಲಿ ವರದಿ ಮಾಡಿದ್ದಾರೆ. ಗಂಟೆಗೆ 7 ಕಿಲೋಮೀಟರ್ ವೇಗದಲ್ಲಿ, ದಿನಕ್ಕೆ ಎಂಟು ಸಲ ಒಂದೊಂದು ನಿಮಿಷದಂತೆ ಮೂರು ದಿನ ಓಡಿದರೆ ಸುಮಾರು 2.8 ಕಿಲೋಮೀಟರ್ ಆಗುತ್ತದೆ, ಅಂದರೆ ಗಡಿಯ ಅಂಚಿಗೇ ಬಂದಂತೆ. ಅದರ ಬದಲು ಮೂವತ್ತು ಸೆಕೆಂಡು ಓಡಿ ಎರಡು ನಿಮಿಷ ನಡೆಯುವುದನ್ನು ಎಂಟು ಸಲ ಮಾಡಿದರೆ ವಾರದ ಓಟ ಒಂದೂವರೆ ಕಿಲೋಮೀಟರ್ ಕೂಡ ದಾಟುವುದಿಲ್ಲ. ಹಿಂದೆ ಮುಂದೆ ಐದೈದು ನಿಮಿಷದ ನಡಿಗೆ ಸೇರಿದರೆ ದಿನದ ಅರ್ಧ ಗಂಟೆ ತುಂಬುತ್ತದೆ. ಮಂಗಳವಾರ, ಗುರುವಾರ, ಶನಿವಾರ ಹೀಗೆ ನಡುವೆ ಒಂದು ದಿನ ಬಿಟ್ಟೇ ಓಡಬೇಕು.

ಈ ಹಂತದಲ್ಲಿ ಎರಡು ವಾರ ಕಳೆದ ಮೇಲೆ ಓಟವನ್ನು ಒಂದು ನಿಮಿಷಕ್ಕೇರಿಸಿ, ನಡಿಗೆ ಎರಡು ನಿಮಿಷವೇ ಇರಲಿ. ಅಲ್ಲಿಂದ ಮುಂದೆ ಎರಡು, ಮೂರು, ಐದು, ಎಂಟು, ಹತ್ತು, ಹದಿನೈದು ನಿಮಿಷಗಳ ಓಟ; ಪ್ರತಿ ಹಂತಕ್ಕೂ ಕನಿಷ್ಠ ಎರಡು ವಾರ. ಒಂದು ಹಂತದ ಕೊನೆಯ ದಿನ ಓಡಿದ ಮಾರನೆಯ ಬೆಳಿಗ್ಗೆ ಕಾಲು ಹಗುರವಾಗಿದ್ದರೆ ಮಾತ್ರ ಮುಂದಿನದಕ್ಕೆ ಹೋಗಬೇಕು, ಇಲ್ಲವಾದರೆ ಅದೇ ಹಂತವನ್ನು ಇನ್ನೊಂದು ವಾರ ಮಾಡಬೇಕು. ಹೀಗೆ ನಿಲ್ಲದೆ ಮೂವತ್ತು ನಿಮಿಷ ಓಡಲು ಐದಾರು ತಿಂಗಳು ಬೇಕಾಗುತ್ತದೆ. ಒಂಬತ್ತು ವಾರದ ಭರವಸೆ ಕೇಳಿದವರಿಗೆ ಇದು ತೀರ ನಿಧಾನವೆನಿಸಬಹುದು. ನಿಧಾನವಾಗಿರುವುದೇ ಇದರ ಉದ್ದೇಶ.

ವೇಗದ ವಿಷಯಕ್ಕೆ ಬಂದರೆ, ಗಡಿಯಾರ ನೋಡುವ ಬದಲು ಮಾತಾಡಿ ನೋಡಿ. ಓಡುತ್ತಲೇ ಒಂದು ಇಡೀ ವಾಕ್ಯವನ್ನು ನಡುವೆ ಏದುಸಿರು ಬಿಡದೆ ಹೇಳಲಾಗದಿದ್ದರೆ ವೇಗ ಹೆಚ್ಚಾಯಿತು. ಪಕ್ಕದಲ್ಲಿ ಬಿರುಸಾಗಿ ನಡೆಯುತ್ತಿರುವ ಹಿರಿಯರು ನಿಮ್ಮನ್ನು ಹಿಂದಿಕ್ಕಿದರೂ ಪರವಾಗಿಲ್ಲ. ಹೆಜ್ಜೆಗಳು ಚಿಕ್ಕದಾಗಿರಲಿ, ಪಾದ ದೇಹದಿಂದ ಬಹಳ ಮುಂದೆ ಹೋಗಿ ಬೀಳದೆ ಸೊಂಟದ ಕೆಳಗೆ ಇಳಿಯಲಿ, ನೆಲಕ್ಕೆ ಬೀಳುವ ಸದ್ದು ಆದಷ್ಟು ಮೆಲ್ಲಗಿರಲಿ. ಮುಷ್ಟಿ ಬಿಗಿಯುವುದು, ಹೆಗಲು ಕಿವಿಯ ಕಡೆಗೆ ಏರುವುದು ದಣಿವಿನ ಮೊದಲ ಗುರುತು. ಅದು ಕಂಡಾಗ ನಡಿಗೆಗೆ ಇಳಿಯಿರಿ.

ಯಾವ ನೋವಿಗೆ ನಿಲ್ಲಬೇಕು

ಎರಡೂ ತೊಡೆ ಅಥವಾ ಎರಡೂ ಮೀನಖಂಡಗಳಲ್ಲಿ ಒಂದೆರಡು ದಿನ ಉಳಿಯುವ ಮೈಕೈ ನೋವು ಸಹಜ. ಬೆಳಿಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಚುಚ್ಚುವ ನೋವು, ಮೆಟ್ಟಿಲಿಳಿಯುವಾಗ ಮಂಡಿಚಿಪ್ಪಿನ ಸುತ್ತ ಬರುವ ನೋವು, ಮಂಡಿಯ ಕೆಳಗೆ ಮುಂಭಾಗದ ಮೂಳೆಯುದ್ದಕ್ಕೂ ಕಾಣುವ ನೋವು ಇವು ಹೊರೆ ಹೆಚ್ಚಾದುದರ ಸೂಚನೆಗಳು. ಆ ವಾರ ಓಟ ಬಿಟ್ಟು ನೋವಿಲ್ಲದಷ್ಟು ಮಾತ್ರ ನಡೆದು, ಎರಡು ಹಂತ ಹಿಂದಿನಿಂದ ಮತ್ತೆ ಆರಂಭಿಸಬೇಕು. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು ಮತ್ತು ಕುಂಟುವಂತೆ ಮಾಡುವ ನೋವು ಮೂಳೆತಜ್ಞರ ಕೆಲಸ. ಎದೆಯಲ್ಲಿ ಒತ್ತಡ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ಕಣ್ಣು ಕತ್ತಲೆ ಬಂದರೆ ಗ್ಯಾಸ್ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗದೆ ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಬೇಕು.

ಓಟ ಮತ್ತು ಊಟ

ಓಡಿದ ಮಾತ್ರಕ್ಕೆ ತೂಕ ಇಳಿಯುತ್ತದೆಂದು ಹೊರಟವರಿಗೆ ಮೊದಲ ತಿಂಗಳು ನಿರಾಸೆಯೇ ಗತಿ. ಓಟಕ್ಕೆ ಖರ್ಚಾಗುವ ಶಕ್ತಿ ಸ್ಥೂಲವಾಗಿ ದೇಹದ ಪ್ರತಿ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಒಂದು ಕ್ಯಾಲೊರಿ. 95 ಕಿಲೋದವರು ನಡೆದು ಓಡಿ ಅರ್ಧ ಗಂಟೆಯಲ್ಲಿ ಎರಡೂವರೆ ಕಿಲೋಮೀಟರ್ ಸಾಗಿದರೆ ಖರ್ಚಾಗುವುದು 200ರಿಂದ 250 ಕ್ಯಾಲೊರಿ. ಪಾರ್ಕಿನಿಂದ ನೇರವಾಗಿ ದರ್ಶಿನಿಗೆ ಹೋಗಿ ಬೆಣ್ಣೆ ಮಸಾಲೆ ದೋಸೆ ತಿಂದು ಸಕ್ಕರೆ ಹಾಕಿದ ಕಾಫಿ ಕುಡಿದರೆ ಅದಕ್ಕಿಂತ ಹೆಚ್ಚೇ ಒಳಗೆ ಹೋಗುತ್ತದೆ. ಪಾರ್ಕಿನ ಗೇಟಿನಲ್ಲಿ ಮಾರುವ ಹಾಗಲಕಾಯಿ ರಸ ಕೂಡ ಆ ಲೆಕ್ಕವನ್ನು ಅಳಿಸಲಾರದು. ತೂಕ ಇಳಿಸುವ ಕೆಲಸ ಮುಖ್ಯವಾಗಿ ತಟ್ಟೆಯದು. ಓಟ ಕೊಡುವುದು ದಮ್ಮು, ಒಳ್ಳೆಯ ನಿದ್ದೆ, ಬಿಪಿ ಮತ್ತು ಸಕ್ಕರೆಯ ಮೇಲೆ ಹಿಡಿತ. ಹಾಗಾಗಿ ತಕ್ಕಡಿಯನ್ನು ವಾರಕ್ಕೊಮ್ಮೆ ಮಾತ್ರ ಹತ್ತಿ, ಸೊಂಟದ ಅಳತೆಯನ್ನು ತಿಂಗಳಿಗೊಮ್ಮೆ ನೋಡಿ.

ಅರ್ಧ ಗಂಟೆಯ ಓಟಕ್ಕೆ ಶಕ್ತಿಪೇಯಗಳು ಬೇಕಿಲ್ಲ, ನೀರು ಸಾಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಬೆಳಗಿನ ಹೊತ್ತು ವರ್ಷವಿಡೀ ಓಡಬಹುದು. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಮೈ ಬೇಗ ಕಾಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್–ಮೇ ತಿಂಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಓಟ ಮುಗಿದಿರಬೇಕು. ಕೊಬ್ಬಿನ ಪದರ ಶಾಖವನ್ನು ಹಿಡಿದಿಡುವುದರಿಂದ ಈ ಎಚ್ಚರ ತೆಳ್ಳಗಿನವರಿಗಿಂತ ನಮಗೆ ಹೆಚ್ಚು ಬೇಕು.

ಜ್ವರ, ಮದುವೆ ಮನೆ, ಮಳೆ ಎಂದು ಓಟ ತಪ್ಪುವುದು ಇದ್ದದ್ದೇ. ಒಂದು ವಾರ ತಪ್ಪಿದರೆ ಅದೇ ಹಂತದಿಂದ, ಎರಡು ವಾರ ತಪ್ಪಿದರೆ ಒಂದು ಹಂತ ಕೆಳಗಿನಿಂದ, ಒಂದು ತಿಂಗಳು ದಾಟಿದರೆ ಒಂದು ನಿಮಿಷದ ಓಟದಿಂದ ಮುಂದುವರಿಸಿ. ತಪ್ಪಿದ ದಿನಗಳ ಬಾಕಿಯನ್ನು ಒಂದೇ ವಾರದಲ್ಲಿ ತೀರಿಸಲು ಹೋಗಬೇಡಿ. ಮೂವತ್ತು ನಿಮಿಷ ನಿಲ್ಲದೆ ಓಡಲು ಸಾಧ್ಯವಾದ ಮೇಲೆ, ಬೇಕೆನಿಸಿದರೆ ನಿಮ್ಮೂರಿನ 5 ಕಿಲೋಮೀಟರ್ ಓಟವೊಂದಕ್ಕೆ ಹೆಸರು ಕೊಡಬಹುದು. ಬೆಂಗಳೂರಿನಲ್ಲಿ 2008ರಿಂದ ನಡೆದುಬಂದಿರುವ ವರ್ಲ್ಡ್ 10ಕೆ ಓಟದ ಜೊತೆಗೆ, ಸ್ಪರ್ಧೆಯ ಹಂಗಿಲ್ಲದೆ ಪಾಲ್ಗೊಳ್ಳಬಹುದಾದ ಚಿಕ್ಕ ದೂರದ ವಿಭಾಗವೂ ಇರುತ್ತದೆ. ಹೆಸರು ಕೊಡುವ ಮುನ್ನ ಓಟ ಮುಗಿಸಲು ಎಷ್ಟು ಸಮಯ ಕೊಡುತ್ತಾರೆಂದು ನೋಡಿಕೊಳ್ಳಿ, ಅಂದು ಹೊಸ ಶೂ ಹಾಕಬೇಡಿ, ಆರಂಭದ ಗೆರೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲಿ.