ಪುಟ್ಟ ಮಕ್ಕಳು, ಗೆಳೆಯರು, ಹೊರಗಿನ ಊಟ: ಕಾಯುವ ಹೊತ್ತನ್ನು ನಾವು ನಿಭಾಯಿಸುವ ರೀತಿ

ಮಕ್ಕಳು ಚಿಕ್ಕವರಿದ್ದಾಗ ಹೊರಗೆ ಊಟಕ್ಕೆ ಹೋಗುವುದನ್ನೇ ನಿಲ್ಲಿಸಿಬಿಡುವವರು ಬಹಳ ಜನ. "ಇನ್ನೊಂದು ನಾಲ್ಕೈದು ವರ್ಷ ಕಳೀಲಿ, ಆಮೇಲೆ ನೋಡೋಣ" ಅನ್ನುತ್ತಾರೆ. ಆ ನಾಲ್ಕೈದು ವರ್ಷದಲ್ಲಿ ಗೆಳೆಯರ ಒಡನಾಟವೂ ತಪ್ಪಿಹೋಗುತ್ತದೆ. ನಮಗೆ ಅದು ಬೇಡವಾಗಿತ್ತು. ಮಗಳಿಗೆ ಈಗ 5 ವರ್ಷ, ಮಗನಿಗೆ 2. ಮಗಳು ಸ್ವಂತವಾಗಿ ಕೂರಲು ಕಲಿತಾಗಿನಿಂದಲೂ ಗೆಳೆಯರ ಜೊತೆ ಹೊರಗೆ ಉಣ್ಣುತ್ತಲೇ ಬಂದಿದ್ದೇವೆ.

ಇಷ್ಟು ದಿನದಲ್ಲಿ ನನಗೆ ಖಚಿತವಾಗಿರುವುದು ಒಂದೇ. ಮಕ್ಕಳು ರಂಪ ಮಾಡುವುದು ತಿನ್ನುವಾಗ ಅಲ್ಲ, ಕಾಯುವಾಗ. ತಟ್ಟೆ ಮುಂದಿದ್ದರೆ ಎರಡು ವರ್ಷದ ಮಗು ಸಮಾಧಾನವಾಗಿ ಕೂತು ತಿನ್ನುತ್ತದೆ. ತಟ್ಟೆ ಬರುವ ಮುಂಚಿನ ಆ ಅರ್ಧ ಗಂಟೆಯೇ ಕಷ್ಟ. "ಇನ್ನು ಹತ್ತೇ ನಿಮಿಷ ಪುಟ್ಟಾ" ಅಂದರೆ ಅದಕ್ಕೇನು ಗೊತ್ತಾಗುತ್ತದೆ? ಹಾಗಾಗಿ ನಾವು ಎಲ್ಲ ಏರ್ಪಾಡನ್ನೂ ಆ ಕಾಯುವ ಹೊತ್ತನ್ನು ಕಡಿಮೆ ಮಾಡುವುದಕ್ಕೇ ಮಾಡುತ್ತೇವೆ.

ಮೊದಲು ಸಮಯ. ಮಕ್ಕಳು ಮನೆಯಲ್ಲಿ ಉಣ್ಣುವ ಹೊತ್ತಿಗಿಂತ ಅರ್ಧ ಗಂಟೆ ಮುಂಚೆಯೇ ನಾವು ಹೋಟೆಲ್‌ನಲ್ಲಿರುತ್ತೇವೆ. ಬಾಗಿಲು ತೆರೆದ ಹೊಸದರಲ್ಲಿ ಅಡುಗೆಮನೆಗೆ ಒತ್ತಡ ಇರುವುದಿಲ್ಲ. ಆರ್ಡರ್ ಕೊಟ್ಟಿದ್ದು ಬೇಗ ಬರುತ್ತದೆ. ಬಡಿಸುವವರಿಗೂ ನಮ್ಮ ಮಾತು ಕೇಳಲು ಪುರುಸೊತ್ತು ಇರುತ್ತದೆ. ಗೆಳೆಯರಿಗೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಿದ್ದೇವೆ: ನಾವು ಬರಬೇಕು ಅಂದರೆ ಬೇಗ ಸೇರೋಣ, ತಡವಾಗಿ ಸೇರುವುದಾದರೆ ಮಕ್ಕಳನ್ನು ಬಿಟ್ಟು ನಮ್ಮಿಬ್ಬರಲ್ಲಿ ಒಬ್ಬರು ಬರುತ್ತೇವೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಅರೆಬರೆ ಸಮಯಕ್ಕೆ ಒಪ್ಪಿಕೊಂಡು, ನಿದ್ದೆ ಎಳೆಯುತ್ತಿರುವ ಮಗುವನ್ನು ಎತ್ತಿಕೊಂಡು ಹೋಗಿ, ಎಲ್ಲರ ಊಟವನ್ನೂ ಅವಸರದಲ್ಲಿ ಮುಗಿಸುವುದಕ್ಕಿಂತ ಇದು ಎಷ್ಟೋ ಮೇಲು.

ಅಲ್ಲಿ ಚೆನ್ನಾಗಿ ತಿನ್ನಲಿ ಅಂತ ಮಕ್ಕಳನ್ನು ಹಸಿವಿನಲ್ಲೇ ಕರೆದೊಯ್ಯುವುದು ಬೇಡ. ಹೊಟ್ಟೆ ಚುರುಗುಟ್ಟುವ ಮಗುವಿಗೆ ಕಾಯುವ ಶಕ್ತಿಯೇ ಇರುವುದಿಲ್ಲ. ದಾರಿ ದೂರವಿದ್ದರೆ ಹೊರಡುವ ಮುಂಚೆ ಒಂದು ಹಣ್ಣಿನ ಹೋಳು ಕೊಟ್ಟೇ ಹೊರಡುತ್ತೇನೆ.

ಹೋಟೆಲ್ ತಲುಪಿದ ಮೇಲೆ ನಾವು ನಾಲ್ವರೂ ಒಟ್ಟಿಗೆ ಒಳಗೆ ಹೋಗುವುದಿಲ್ಲ. ನಾನು ಹೋಗಿ ಜಾಗ ಹಿಡಿಯುತ್ತೇನೆ. ಇವರು ಮಕ್ಕಳನ್ನು ಹೊರಗೇ ಅಡ್ಡಾಡಿಸುತ್ತಿರುತ್ತಾರೆ. ಮಕ್ಕಳು ಏನು ತಿನ್ನುತ್ತಾರೆ ಅಂತ ಮನೆಯಲ್ಲೇ ಮೆನು ನೋಡಿ ಮಾತಾಡಿಕೊಂಡಿರುತ್ತೇವೆ. ಕೂತ ಕೂಡಲೇ ಅದನ್ನು ಮಾತ್ರ ಮೊದಲು ಹೇಳುತ್ತೇನೆ, "ಇದು ಮಕ್ಕಳಿಗೆ, ಆದ ತಕ್ಷಣ ತಂದುಬಿಡಿ, ನಮ್ಮದು ನಿಧಾನಕ್ಕೆ ಬರಲಿ" ಅಂತ. ಎಷ್ಟು ಹೊತ್ತಾಗುತ್ತದೆ ಅಂತಲೂ ಆಗಲೇ ಕೇಳಿಕೊಳ್ಳುತ್ತೇನೆ. ಊಟ ಇನ್ನೇನು ಬರುತ್ತದೆ ಅನ್ನುವಾಗ ಇವರಿಗೆ ಒಂದು ಮಿಸ್ಡ್ ಕಾಲ್. ಮಕ್ಕಳು ಓಡಾಡಿ, ಕೈ ತೊಳೆದುಕೊಂಡು ಬಂದು ಕೂರುತ್ತಾರೆ. ಎದುರಿಗೆ ತಟ್ಟೆ ಸಿದ್ಧ. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಗಲಾಟೆ ಹುಟ್ಟುವುದೇ ಇಲ್ಲ. ಉಳಿದ ಎಲ್ಲ ಉಪಾಯಗಳಿಗಿಂತ ಈ ಮಿಸ್ಡ್ ಕಾಲ್ ನಮಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಜಾಗ ಹಿಡಿಯುವಾಗ ನೋಡುವುದು ಎರಡು ವಿಷಯ. ಅಡುಗೆಮನೆಯಿಂದ ಬಿಸಿ ಪಾತ್ರೆ ಹೊತ್ತು ಓಡಾಡುವ ದಾರಿಯ ಪಕ್ಕ ಬೇಡ. ಒಂದು ಕಡೆ ಗೋಡೆ ಇದ್ದರೆ ಒಳ್ಳೆಯದು, ಚಿಕ್ಕವನು ಆ ಕಡೆಯಿಂದ ಇಳಿದು ಓಡುವುದಕ್ಕೆ ಆಗುವುದಿಲ್ಲ. ಮಗು ಬರುವ ಮುಂಚೆಯೇ ಅದರ ಕೈಗೆ ಎಟುಕುವಷ್ಟು ಜಾಗವನ್ನು ಖಾಲಿ ಮಾಡುತ್ತೇನೆ. ಚಾಕು, ಫೋರ್ಕು, ಗಾಜಿನ ಲೋಟ, ಖಾರದ ಪುಡಿ ಎಲ್ಲ ಆಚೆ. ಮೇಜಿಗೆ ಹಾಸಿದ ಬಟ್ಟೆ ಜೋತಾಡುತ್ತಿದ್ದರೆ ಮಡಿಸಿ ಮೇಲೆ ಹಾಕುತ್ತೇನೆ. ಮಗು ಅದನ್ನು ಹಿಡಿದು ಎಳೆದರೆ ಮೇಲಿರುವುದೆಲ್ಲ ಅದರ ಮೇಲೇ ಬೀಳುತ್ತದೆ. ಹೈಚೇರ್ ಕೊಟ್ಟರೆ ಸೊಂಟದ ಬೆಲ್ಟ್ ಜೊತೆಗೆ ಕಾಲಿನ ನಡುವೆ ಬರುವ ಪಟ್ಟಿಯನ್ನೂ ಹಾಕಲೇಬೇಕು. ಅದಿಲ್ಲದಿದ್ದರೆ ಮಗು ಕೆಳಗೆ ಜಾರುತ್ತದೆ. ಮೇಜಿಗೆ ಕಾಲು ಕೊಟ್ಟು ಒದ್ದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಅಷ್ಟು ಹತ್ತಿರಕ್ಕೆ ತಳ್ಳುವುದೂ ಬೇಡ.

ಮಗು ತೊಡೆಯ ಮೇಲಿದ್ದಾಗ ಬಿಸಿ ಟೀ, ಕಾಫಿ, ಸೂಪ್ ಕುಡಿಯಬಾರದು. ಇದೊಂದರಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ಪುಟ್ಟ ಮಕ್ಕಳ ಚರ್ಮ ನಮ್ಮದಕ್ಕಿಂತ ತೆಳು. ಮಾಡಿ 15 ನಿಮಿಷ ಕಳೆದ ಟೀ ಕೂಡ ಅವರನ್ನು ಸುಡಬಲ್ಲದು. ಗೆಳತಿಯರು ಮಗನನ್ನು ಎತ್ತಿಕೊಂಡು ಮುದ್ದಾಡುವಾಗ ಟೀ ಬಂತು ಅಂದರೆ, "ಕೊಡು ಇಲ್ಲಿ, ನೀನು ಕುಡ್ಕೋ" ಅಂತ ಅವನನ್ನು ಇಸಿದುಕೊಳ್ಳುತ್ತೇನೆ. ಈಗ ಅವರೇ ಹೇಳುವ ಮುಂಚೆ ಕೊಡುತ್ತಾರೆ. ಯಾವತ್ತಾದರೂ ಬಿಸಿ ಚೆಲ್ಲಿದರೆ ಮಾಡಬೇಕಾದದ್ದು: ಬಟ್ಟೆ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯುವುದು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಮಾತ್ರ ಕೀಳಬಾರದು. ಐಸ್ ಬೇಡ, ಬೆಣ್ಣೆ, ಪೇಸ್ಟ್ ಯಾವುದೂ ಬೇಡ. ಮಗುವಿನ ಸುಟ್ಟ ಗಾಯವನ್ನು ಡಾಕ್ಟರಿಗೆ ತೋರಿಸಿಯೇ ಬಿಡಬೇಕು.

ಗೆಳೆಯರ ಗುಂಪಿನಲ್ಲಿ ಇನ್ನೊಂದು ಅಪಾಯವಿದೆ. ಅದು ಪ್ರೀತಿಯಿಂದಲೇ ಬರುತ್ತದೆ. ಎಲ್ಲರಿಗೂ ಮಗುವಿನ ಬಾಯಿಗೆ ಏನಾದರೂ ಇಡುವ ಆಸೆ. ಮಕ್ಕಳಿಲ್ಲದ ನಮ್ಮ ಗೆಳೆಯರೊಬ್ಬರು ಒಮ್ಮೆ ದ್ರಾಕ್ಷಿ ಹಿಡಿದು "ಇವನಿಗೊಂದು ಕೊಡ್ಲಾ?" ಅಂದರು. ಅವರು ಕೇಳಿದ್ದೇ ದೊಡ್ಡದು. ನಾನು ದ್ರಾಕ್ಷಿ ತೆಗೆದುಕೊಂಡು ಉದ್ದಕ್ಕೆ ನಾಲ್ಕು ಸೀಳು ಮಾಡಿ ಅವರ ಕೈಗೇ ವಾಪಸ್ ಕೊಟ್ಟೆ. ಅಡ್ಡಕ್ಕೆ ಕತ್ತರಿಸಿದರೆ ಸಾಲದು, ಆಗಲೂ ಅದು ಗುಂಡಗೇ ಇರುತ್ತದೆ, ಶ್ವಾಸನಾಳಕ್ಕೆ ಬಿರಡೆ ಹಾಕಿದ ಹಾಗೆ ಕೂತುಬಿಡಬಲ್ಲದು. ಇಡೀ ಬೀಜಗಳು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಇವನ್ನು ನಾಲ್ಕೈದು ವರ್ಷ ತುಂಬುವವರೆಗೆ ಕೊಡದಿರುವುದೇ ಕ್ಷೇಮ. ಉಸಿರುಗಟ್ಟಿದ ಮಗು ಕೂಗುವುದಿಲ್ಲ, ಕೆಮ್ಮಲೂ ಆಗದೆ ಸುಮ್ಮನಾಗುತ್ತದೆ. ಆದ್ದರಿಂದ ಎಷ್ಟೇ ಮಾತು ಜೋರಾಗಿದ್ದರೂ ತಿನ್ನುವ ಮಗುವಿನ ಮೇಲೆ ಒಬ್ಬರ ಕಣ್ಣು ಇರಲೇಬೇಕು. ಬಾಯಲ್ಲಿ ತುತ್ತು ಇಟ್ಟುಕೊಂಡು ಓಡುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ. ಜೊತೆಗೆ 1 ವರ್ಷದೊಳಗಿನ ಕೂಸು ಇದ್ದರೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು, ಅದರಿಂದ ಬೊಟುಲಿಸಂ ಎಂಬ ಕಾಯಿಲೆ ಬರಬಹುದು.

ನಮ್ಮ ಗುಂಪಿನ ಒಂದು ಮಗುವಿಗೆ ಶೇಂಗಾ ಅಲರ್ಜಿ. ಆ ಮಗು ಬಂದ ದಿನ "ಇದರಲ್ಲಿ ಶೇಂಗಾ ಇದೆಯಾ?" ಅಂತ ಕೇಳಿ ಬಿಡುವುದಿಲ್ಲ. ಅದೇ ಎಣ್ಣೆಯಲ್ಲಿ, ಅದೇ ಬಾಣಲೆಯಲ್ಲಿ, ಅದೇ ಸೌಟಿನಲ್ಲಿ ಶೇಂಗಾ ಹಾಕಿದ್ದನ್ನು ಮಾಡುತ್ತಾರಾ ಅಂತ ಅಡುಗೆಯವರನ್ನೇ ವಿಚಾರಿಸುತ್ತೇವೆ. ಬಡಿಸುವವರು ಅಂದಾಜಿನ ಮೇಲೆ ಹೇಳಿದರೆ ಆ ತಿನಿಸನ್ನೇ ಬಿಡುತ್ತೇವೆ. ಆ ದಿನ ಯಾರ ತಟ್ಟೆಗೂ ಶೇಂಗಾ ಬರುವುದಿಲ್ಲ. ಇದನ್ನು ಮಗುವಿನ ಅಪ್ಪ ಅಮ್ಮ ಬಾಯಿಬಿಟ್ಟು ಕೇಳಬೇಕಾಗಿ ಬರಬಾರದು.

ಎಷ್ಟು ತಿನ್ನಬೇಕು ಅನ್ನುವುದು ಮಕ್ಕಳಿಗೇ ಬಿಟ್ಟಿದ್ದು. ಏನು, ಯಾವಾಗ, ಎಲ್ಲಿ ಅನ್ನುವುದನ್ನು ದೊಡ್ಡವರು ನಿರ್ಧರಿಸಲಿ, ತಿನ್ನಬೇಕೋ ಬೇಡವೋ, ಎಷ್ಟು ಅನ್ನುವುದನ್ನು ಮಗು ನಿರ್ಧರಿಸಲಿ ಅಂತ ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುತ್ತಾರೆ. ಮನೆಗಿಂತ ಹೊರಗೆ ಇದು ಹೆಚ್ಚು ಕಷ್ಟ, ಯಾಕೆಂದರೆ ಸುತ್ತ ನೋಡುವವರಿರುತ್ತಾರೆ. "ಅಯ್ಯೋ, ಏನೂ ತಿಂದೇ ಇಲ್ವಲ್ಲ ಮಗು, ಇನ್ನೊಂದು ತುತ್ತು ಹಾಕು" ಅಂತ ಯಾರಾದರೂ ಅಂದೇ ಅನ್ನುತ್ತಾರೆ. "ಸಾಕಾದ್ರೆ ಸಾಕು ಬಿಡಿ, ರಾತ್ರಿ ತಿಂತಾನೆ" ಅಂದು ಮಾತು ಬದಲಿಸುತ್ತೇನೆ. ಮಕ್ಕಳಿಗೆ ಗೊತ್ತಿರುವ ಒಂದು ತಿನಿಸು ತಟ್ಟೆಯಲ್ಲಿ ಇದ್ದೇ ಇರುತ್ತದೆ. ಪಕ್ಕದಲ್ಲಿ ನಾವು ತಿನ್ನುವುದರದ್ದೂ ಒಂದು ಚಮಚ. ತಿನ್ನು ಅಂತ ಹೇಳುವುದಿಲ್ಲ. ಹೊಸ ತಿನಿಸನ್ನು ಹೆಚ್ಚು ಸಲ ರುಚಿ ನೋಡಿದಷ್ಟೂ 2 ವರ್ಷದ ಮಕ್ಕಳಿಗೆ ಅದು ಹೆಚ್ಚು ಇಷ್ಟವಾಗುತ್ತದೆ ಎಂದು ಮಕ್ಕಳ ಊಟದ ಅಭ್ಯಾಸಗಳನ್ನು ಅಧ್ಯಯನ ಮಾಡಿದ ಸಂಶೋಧಕಿ ಲೀನ್ ಬರ್ಚ್ ಮತ್ತು ಜೊತೆಗಾರರು 1982ರಲ್ಲೇ ತೋರಿಸಿದ್ದರು. ಮಗಳು ಮೊದಮೊದಲು ಬರೀ ಬೆರಳಲ್ಲಿ ಮುಟ್ಟಿ ಬಿಡುತ್ತಿದ್ದ ಎಷ್ಟೋ ತಿನಿಸುಗಳನ್ನು ಈಗ ತಾನೇ ಕೇಳಿ ಹಾಕಿಸಿಕೊಳ್ಳುತ್ತಾಳೆ.

ಫೋನ್ ಕೊಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ 2 ವರ್ಷ ತುಂಬುವವರೆಗೆ ಪರದೆಯೇ ಬೇಡ, 2ರಿಂದ 4 ವರ್ಷದವರೆಗೆ ದಿನಕ್ಕೆ 1 ಗಂಟೆ ಮೀರಬಾರದು. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಫೋನ್ ನೋಡುತ್ತಾ ತಿನ್ನುವ ಮಗು ಅಲ್ಲಿದ್ದೂ ನಮ್ಮ ಜೊತೆ ಇರುವುದಿಲ್ಲ. ಸುತ್ತ ಕೂತವರ ಮುಖ, ಮಾತು, ನಗು ಯಾವುದೂ ಅದಕ್ಕೆ ಸಿಗುವುದಿಲ್ಲ. ಬದಲಿಗೆ ನನ್ನ ಚೀಲದಲ್ಲಿ ಖಾಲಿ ಹಾಳೆ, ನಾಲ್ಕಾರು ಕ್ರೇಯಾನ್, ಮನೆಯಲ್ಲಿ ಕೈಗೆ ಸಿಗದ ಹಾಗೆ ಎತ್ತಿಟ್ಟ ಒಂದು ಪುಟ್ಟ ಆಟಿಕೆ ಇರುತ್ತವೆ. ಹೊರಗಿನ ಊಟಕ್ಕೆ ಮಾತ್ರ ಹೊರಬರುವ ಆಟಿಕೆ ಅದು, ಹಾಗಾಗಿ ಹಳತಾಗುವುದಿಲ್ಲ.

ಮಗಳಿಗೆ ಈಗ ಆಟಿಕೆಗಿಂತ ಕೆಲಸ ಇಷ್ಟ. ಎಷ್ಟು ಜನ ಇದ್ದೇವೆ ಅಂತ ಎಣಿಸುವುದು, ಎಲ್ಲರಿಗೂ ಚಮಚ ಹಂಚುವುದು ಅವಳ ಪಾಲು. ತನಗೆ ಬೇಕಾದ್ದನ್ನು ತಾನೇ ಹೇಳುತ್ತಾಳೆ. ಶುರುವಿನಲ್ಲಿ ಮೇಜು ನೋಡಿಕೊಂಡು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳುತ್ತಿದ್ದಳು. ಒಂದು ದಿನ ಬಡಿಸುವವರು ಬಗ್ಗಿ ಅವಳ ಮುಖದ ಹತ್ತಿರ ಕಿವಿ ತಂದು, "ಇನ್ನೊಂದ್ಸಲ ಹೇಳಿ ಮೇಡಂ" ಅಂದರು. ನಾನು ನಡುವೆ ಬಾಯಿ ಹಾಕಲಿಲ್ಲ. ಅವಳು ತಲೆ ಎತ್ತಿ, ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ ಹೇಳಿದಳು. ಕಡೆಗೆ "ಥ್ಯಾಂಕ್ಯೂ" ಅಂತಲೂ ಸೇರಿಸಿದಳು. ಅವತ್ತಿನಿಂದ ಮೆನು ಮೊದಲು ಅವಳ ಕೈಗೇ ಹೋಗುತ್ತದೆ.

ಗೆಳೆಯರ ಜೊತೆ ಹೋಗಿ ಒಂದು ಮಾತೂ ಪೂರ್ತಿಯಾಗಿ ಆಡದೆ ಬಂದರೆ ಹೋಗಿ ಏನು ಸುಖ, ಅಲ್ವಾ? ಇದಕ್ಕೆ ನಾವು ಸರದಿ ಇಟ್ಟುಕೊಂಡಿದ್ದೇವೆ. ಮಕ್ಕಳ ಜವಾಬ್ದಾರಿ ಊಟದ ಮೊದಲರ್ಧ ಒಬ್ಬರದು, ಉಳಿದರ್ಧ ಇನ್ನೊಬ್ಬರದು. ಸರದಿ ಇಲ್ಲದವರು ಎದ್ದು ನೋಡುವುದಿಲ್ಲ, ಸಲಹೆ ಕೊಡುವುದಿಲ್ಲ, ಸುಮ್ನೆ ಕೂತು ಮಾತಾಡುತ್ತಾರೆ. ಇಬ್ಬರೂ ಅರ್ಧಂಬರ್ಧ ನೋಡಿಕೊಂಡರೆ ಇಬ್ಬರಿಗೂ ಊಟ ದಕ್ಕುವುದಿಲ್ಲ, "ನೀನು ನೋಡ್ತಿದ್ದೀಯ ಅಂದ್ಕೊಂಡೆ" ಅನ್ನುವ ಮಾತೂ ಬರುತ್ತದೆ.

ಮಗು ಅಳಲು ಶುರು ಮಾಡಿದರೆ ಸರದಿಯಲ್ಲಿದ್ದವರು ಆ ಕ್ಷಣವೇ ಎತ್ತಿಕೊಂಡು ಹೊರಗೆ ಹೋಗುತ್ತಾರೆ. ಗದರುವುದಿಲ್ಲ. ಪಕ್ಕದ ಮೇಜಿನವರೂ ನೆಮ್ಮದಿಯಾಗಿ ಉಣ್ಣಲು ಬಂದವರು. ಗಾಳಿಗೆ ಎರಡು ಸುತ್ತು ಹಾಕಿ, ಅಳು ನಿಂತ ಮೇಲೆ ವಾಪಸ್. ಮಕ್ಕಳು ಮಕ್ಕಳು ಜಗಳ ಆಡಿದರೆ ಅವರವರ ಮಗುವನ್ನು ಅವರವರೇ ಕರೆದುಕೊಳ್ಳುತ್ತೇವೆ. ಇನ್ನೊಬ್ಬರ ಮಗುವಿಗೆ ಎಲ್ಲರೆದುರು ಬುದ್ಧಿ ಹೇಳುವುದು ನನಗೆ ಸುತರಾಂ ಇಷ್ಟವಿಲ್ಲ. ಎಷ್ಟೋ ವರ್ಷದ ಸ್ನೇಹ ಅಂಥ ಒಂದು ಮಾತಿಗೆ ಮುದುಡಿಕೊಳ್ಳುತ್ತದೆ.

ದೊಡ್ಡವರ ಊಟ ಬಡಿಸಿದಾಗಲೇ ಬಿಲ್ ತರಿಸಿ ಕೊಟ್ಟುಬಿಡುತ್ತೇವೆ. ಮಕ್ಕಳಿಗೆ ಬೇಜಾರಾದ ಮೇಲೆ ಬಿಲ್‌ಗೆ ಕಾಯುವುದೂ ಕಾಯುವುದೇ ತಾನೆ. ಏಳುವ ಮುಂಚೆ ಹೈಚೇರ್ ಕೆಳಗೆ ಬಿದ್ದದ್ದನ್ನು ಟಿಶ್ಯೂನಲ್ಲಿ ಬಳಿದು ತಟ್ಟೆಗೆ ಹಾಕುತ್ತೇನೆ. ಚೆಲ್ಲಿದ ಜಾಗ ಜಾರುವಂತಿದ್ದರೆ ಕರೆದು ತೋರಿಸುತ್ತೇನೆ. ಮಕ್ಕಳು ಇನ್ನೂ ಖುಷಿಯಾಗಿರುವಾಗಲೇ ಹೊರಡುತ್ತೇವೆ. ಗೆಳೆಯರ ಮಾತು ಮುಗಿದಿರುವುದಿಲ್ಲ, ಅದಕ್ಕೂ ದಾರಿ ಮಾಡಿಕೊಂಡಿದ್ದೇವೆ. ನಮ್ಮಲ್ಲಿ ಒಬ್ಬರು ಮಕ್ಕಳನ್ನು ಮನೆಗೆ ಕರೆದೊಯ್ದು ಮಲಗಿಸುತ್ತಾರೆ, ಇನ್ನೊಬ್ಬರು ಕೂತು ಸಮಾಧಾನವಾಗಿ ಮಾತು ಮುಗಿಸಿ ಬರುತ್ತಾರೆ. ಮುಂದಿನ ಸಲ ಅದಲು ಬದಲು.