ಕಡಲಿಗಿಳಿಯುವ ಮುನ್ನ ಕ್ಯಾಮೆರಾ ಕೇಸಿನ ರಿಂಗ್ ನೋಡಿ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಮಳೆಗಾಲ ಮುಗಿದು ಡೈವಿಂಗ್ ಶುರುವಾಯಿತೆಂದರೆ ಪ್ರತಿ ದೋಣಿಯಲ್ಲೂ ಒಬ್ಬರಾದರೂ ತೊಡೆಯ ಮೇಲೆ ಕ್ಯಾಮೆರಾ ಕೇಸ್ ಬಿಚ್ಚಿಟ್ಟುಕೊಂಡು ಕುಳಿತಿರುತ್ತಾರೆ. ಕೂದಲು ಗಾಳಿಗೆ ಹಾರುತ್ತಿರುತ್ತದೆ, ಬೆರಳಿನಲ್ಲಿ ಸನ್‌ಸ್ಕ್ರೀನ್ ಜಿಡ್ಡು, ಪಕ್ಕದಿಂದ ಉಪ್ಪುನೀರಿನ ಹನಿ ಸಿಡಿಯುತ್ತಿರುತ್ತದೆ. ಅದರ ನಡುವೆಯೇ ಬ್ಯಾಟರಿ ಬದಲಿಸಿ, ಮುಚ್ಚಳ ಒತ್ತಿ, ಚಿಲಕ ಹಾಕಿ ನೀರಿಗಿಳಿಯುತ್ತಾರೆ. ಮೇಲೆ ಬಂದಾಗ ಕೇಸಿನೊಳಗೆ ನೀರು ಕುಲುಕುತ್ತಿರುತ್ತದೆ. ಹೀಗೆ ಕೈಬಿಟ್ಟುಹೋದ ಕ್ಯಾಮೆರಾಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಕೇಸ್ ಸೋರುತ್ತದೋ ಇಲ್ಲವೋ ಎಂಬುದು ಹಿಂದಿನ ರಾತ್ರಿ ಮೇಜಿನ ಮೇಲೆಯೇ ತೀರ್ಮಾನವಾಗಿರುತ್ತದೆ.

ನೀರು ನುಗ್ಗುವುದು ಹೇಗೆ?

ಕುಕ್ಕರಿನ ಗ್ಯಾಸ್ಕೆಟ್ ನೆನಪಿಸಿಕೊಳ್ಳಿ. ಅಂಚಿನಲ್ಲಿ ಒಂದು ಅನ್ನದ ಅಗುಳು ಒಣಗಿ ಕೂತಿದ್ದರೂ ಸಾಕು, ವಿಷಲ್ ಬರುವುದಿಲ್ಲ, ಪಕ್ಕದಿಂದ ಆವಿ ಹೋಗುತ್ತದೆ. ಕ್ಯಾಮೆರಾ ಕೇಸಿನ ಬಾಗಿಲಿನ ಸುತ್ತ ಕೂರುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಮಾಡುವುದೂ ಅದೇ ಕೆಲಸ. ವ್ಯತ್ಯಾಸವೆಂದರೆ ಇಲ್ಲಿ ಒತ್ತಡ ಇರುವುದು ಹೊರಗೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಎಂದರೆ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಹೆಚ್ಚುಕಡಿಮೆ ಒಂದು ಕಿಲೋ ತೂಕ. 10 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ ಹಿಂಬಾಗಿಲಿನ ಮೇಲೆ ಆ ಆಳದಲ್ಲಿ ಸುಮಾರು 150 ಕಿಲೋ ಭಾರ ಬಿದ್ದಂತೆ.

ಈ ಭಾರ ಬಾಗಿಲನ್ನು ರಿಂಗಿನ ಮೇಲೆ ಇನ್ನಷ್ಟು ಬಿಗಿಯಾಗಿ ಅದುಮುತ್ತದೆ. ಹಾಗಾಗಿ ಆಳದಲ್ಲೇ ಅಪಾಯ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಮೊದಲ ಒಂದೆರಡು ಮೀಟರಿನಲ್ಲಿ ಬಾಗಿಲನ್ನು ಹಿಡಿದಿರುವುದು ಬರೀ ಚಿಲಕ. ರಿಂಗಿನ ಮೇಲೆ ಕಸವಿದ್ದರೆ ಅಲ್ಲಿಯೇ ಸೋರುತ್ತದೆ. ‘ಸ್ನಾರ್ಕೆಲಿಂಗ್ ತಾನೇ, ನೀರಿನ ಮೇಲ್ಮೈಯಲ್ಲೇ ತೇಲುವುದು, ಇಷ್ಟೆಲ್ಲ ಯಾಕೆ’ ಎನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು.

ಮೊದಲಿಗೆ ಜಾಗ, ಕೈ, ಬೆಳಕು

ಹಿಂದಿನ ಸಂಜೆ ಕೋಣೆಯಲ್ಲಿ ಫ್ಯಾನ್ ಆರಿಸಿ, ಕೈ ತೊಳೆದು ಒರೆಸಿಕೊಂಡು, ಒಳ್ಳೆಯ ಬೆಳಕಿನಲ್ಲಿ ಕುಳಿತುಕೊಳ್ಳಿ. ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಮೇಜಿನ ಮೇಲೆ ಟವೆಲ್ ಹಾಸಬೇಡಿ, ಬಿಳಿ ಕಾಗದ ಹಾಸಿ.

ರಿಂಗ್ ತೆಗೆಯುವುದು, ನೋಡುವುದು, ಕೂರಿಸುವುದು

ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಸೇಫ್ಟಿ ಪಿನ್ನು, ಚಾಕುವಿನ ತುದಿ, ಟ್ವೀಜರ್ ಹಾಕಿ ರಿಂಗ್ ಎಬ್ಬಿಸುವವರನ್ನು ಕಂಡಿದ್ದೇನೆ. ಲೋಹದ ತುದಿ ರಬ್ಬರನ್ನು ಗೀರುತ್ತದೆ, ಇಲ್ಲವೇ ರಿಂಗ್ ಕೂರುವ ತೋಡನ್ನು ಗೀರುತ್ತದೆ. ರಿಂಗಿಗೆ ಗೀರು ಬಿದ್ದರೆ ಹೊಸದು ತರಬಹುದು. ತೋಡಿಗೆ ಬಿದ್ದರೆ ಕೇಸನ್ನೇ ಬದಲಿಸಬೇಕಾದೀತು. ಎರಡು ಹೆಬ್ಬೆರಳಿನಿಂದ ರಿಂಗನ್ನು ಎರಡೂ ಕಡೆಯಿಂದ ಒಂದೇ ಜಾಗಕ್ಕೆ ತಳ್ಳಿ. ನಡುವೆ ಸಣ್ಣ ಕಮಾನಿನಂತೆ ಉಬ್ಬಿ ಮೇಲೇಳುತ್ತದೆ. ಆ ಉಬ್ಬಿನ ಕೆಳಗೆ ಹಳೆಯ ಎಟಿಎಂ ಕಾರ್ಡಿನ ಮೂಲೆ ತೂರಿಸಿದರೆ ಇಡೀ ರಿಂಗ್ ಸಲೀಸಾಗಿ ಬರುತ್ತದೆ. ಎಳೆದು ಹಿಗ್ಗಿಸಬೇಡಿ.

ಈಗ ಕಣ್ಣು ಮುಚ್ಚಿ. ರಿಂಗನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಜಪಮಣಿ ಎಣಿಸುವಂತೆ, ನಿಧಾನವಾಗಿ ಒಂದು ಸುತ್ತು ಸರಿಸಿ. ಕಣ್ಣಿಗೆ ಕಾಣದ ಮರಳಿನ ಕಣ ಬೆರಳಿಗೆ ಸಿಗುತ್ತದೆ. ಒಂದೇ ಒಂದು ಕಡೆ ತಡೆದಂತೆ ಅನ್ನಿಸಿದರೂ ಅಲ್ಲಿ ನಿಲ್ಲಿ, ದೀಪಕ್ಕೆ ಹಿಡಿದು ನೋಡಿ. ಉಪ್ಪಿನ ಹರಳಾದರೆ ಸಿಹಿನೀರಿನಲ್ಲಿ ಕರಗುತ್ತದೆ. ಬಿರುಕೋ ಕಚ್ಚೋ ಆಗಿದ್ದರೆ, ರಿಂಗ್ ಚಪ್ಪಟೆಯಾಗಿದ್ದರೆ, ಅದರ ಆಯಸ್ಸು ಮುಗಿಯಿತು. ನಾನಂತೂ ಪ್ರತಿ ಅಕ್ಟೋಬರಿನಲ್ಲಿ ಹೊಸ ರಿಂಗ್ ಹಾಕುತ್ತೇನೆ, ಹಳೆಯದು ಚೆನ್ನಾಗಿ ಕಂಡರೂ.

ತೋಡನ್ನು ಒರೆಸಲು ಇಯರ್ ಬಡ್ ಬಳಸಲೇಬೇಡಿ. ಅದರ ಹತ್ತಿಯೇ ಎಳೆಎಳೆಯಾಗಿ ಮೂಲೆಯಲ್ಲಿ ಉಳಿಯುತ್ತದೆ. ಕನ್ನಡಕ ಒರೆಸುವ ಮೈಕ್ರೋಫೈಬರ್ ಬಟ್ಟೆಯನ್ನು ಅದೇ ಕಾರ್ಡಿನ ಅಂಚಿಗೆ ಸುತ್ತಿ ಒರೆಸಿ. ರಿಂಗ್ ಬಂದು ತಾಗುವ ಎದುರಿನ ಅಂಚನ್ನೂ ಒರೆಸಬೇಕು. ಹತ್ತರಲ್ಲಿ ಒಂಬತ್ತು ಜನ ಅದನ್ನು ಮರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೂ ಮರೆತಿದ್ದೆ. ನೀರಿಗಿಳಿದ ಎರಡನೇ ನಿಮಿಷಕ್ಕೆ ಗಾಜಿನ ಒಳಗೆ, ಕೆಳಗಿನ ಮೂಲೆಯಲ್ಲಿ, ಕಾಫಿ ಚಮಚದಷ್ಟು ನೀರು ಕಂಡಿತು. ಮೇಲೆ ಬಂದು ಬಿಚ್ಚಿದಾಗ ಎದುರಿನ ಅಂಚಿಗೆ ಹಸಿರು ನೂಲೊಂದು ಅಡ್ಡಲಾಗಿ ಅಂಟಿಕೊಂಡಿತ್ತು. ಉದ್ದ ಒಂದು ಅಕ್ಕಿಕಾಳಿನಷ್ಟು. ಕೇಸ್ ಸುತ್ತಿಟ್ಟಿದ್ದ ಟವೆಲ್ಲಿನದು. ಒಂದು ಕೊನೆ ಹೊರಗೆ, ಒಂದು ಕೊನೆ ಒಳಗೆ. ದೀಪದ ಬತ್ತಿ ಎಣ್ಣೆ ಹೀರಿದಂತೆ ನೀರು ಅದರ ಜಾಡು ಹಿಡಿದು ಒಳಗೆ ಬಂದಿತ್ತು. ಲೆನ್ಸ್ ಮತ್ತೆ ಕೆಲಸ ಮಾಡಲಿಲ್ಲ.

ಇನ್ನು ಗ್ರೀಸ್. ನೀರನ್ನು ತಡೆಯುವುದು ರಬ್ಬರ್. ರಬ್ಬರ್ ಸರಾಗವಾಗಿ ಜಾರಿ ತನ್ನ ಜಾಗದಲ್ಲಿ ಕೂರಲಿ ಎಂದಷ್ಟೇ ಗ್ರೀಸ್. ಕಡಲೆಬೇಳೆಯ ಅರ್ಧದಷ್ಟು ತೆಗೆದುಕೊಂಡು ಬೆರಳುಗಳ ನಡುವೆ ರಿಂಗನ್ನು ಸರಿಸಿದರೆ ತೆಳುವಾಗಿ ಹೊಳೆಯುತ್ತದೆ. ಅಷ್ಟೇ ಸಾಕು. ಬಿಳಿಯಾಗಿ ಮೆತ್ತಿಕೊಂಡಿದ್ದರೆ ಅದು ಹೆಚ್ಚಾಯಿತು. ಕೂದಲು, ಮರಳು ಎಲ್ಲವೂ ಅದಕ್ಕೇ ಅಂಟುತ್ತವೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್, ಬೈಕಿನ ಗ್ರೀಸ್ ಯಾವುದೂ ಬೇಡ. ಸಿಲಿಕೋನ್ ಗ್ರೀಸ್ ಎಲ್ಲ ರಿಂಗಿಗೂ ಆಗುತ್ತದೆ ಎಂಬುದೂ ತಪ್ಪು. ರಿಂಗೇ ಸಿಲಿಕೋನಿನದಾಗಿದ್ದರೆ ಅದು ಉಬ್ಬಿ ಸಡಿಲವಾಗಬಹುದು. ಕೇಸಿನ ಜೊತೆ ಬಂದ ಗ್ರೀಸನ್ನೇ ಹಚ್ಚಿ. ಸಣ್ಣ ಆಕ್ಷನ್ ಕ್ಯಾಮೆರಾಗಳ ಹಲವು ಕೇಸುಗಳಲ್ಲಿರುವ ಚಪ್ಪಟೆ ಗ್ಯಾಸ್ಕೆಟ್ಟಿಗೆ ಗ್ರೀಸೇ ಬೇಕಿಲ್ಲ, ಕೈಪಿಡಿ ಓದಿ.

ಕೂರಿಸುವಾಗ ಮೊದಲು ನಾಲ್ಕು ಮೂಲೆ, ಆಮೇಲೆ ನಡುವಿನ ಭಾಗ. ಎಲ್ಲೂ ತಿರುಚಿರಬಾರದು. ಕ್ಯಾಮೆರಾದ ಪಟ್ಟಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ತುದಿ ಬಾಗಿಲಿನ ಸಂದಿಗೆ ಸಿಕ್ಕಿಲ್ಲವೆಂದು ನೋಡಿಯೇ ಮುಚ್ಚಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಗ್ಗದ ಕೇಸುಗಳ ಜೊತೆ ಕೆಲವೊಮ್ಮೆ ಎರಡು ಹಿಂಬಾಗಿಲು ಬರುತ್ತವೆ. ಧ್ವನಿ ಸ್ಪಷ್ಟವಾಗಿ ಕೇಳಲೆಂದು ಒಂದರಲ್ಲಿ ಸೀಳು ಬಿಟ್ಟಿರುತ್ತಾರೆ. ಅದು ನೆಲದ ಮೇಲೆ ಬಳಸಲು. ಅದನ್ನೇ ಹಾಕಿಕೊಂಡು ನೀರಿಗಿಳಿದವರು ಒಬ್ಬಿಬ್ಬರಲ್ಲ. ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡೈವ್ ಮಾಡುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಮೊಬೈಲಿನ ಐಪಿ68 ದರ್ಜೆ (ದೂಳು, ನೀರು ತಡೆಯುವ ಗುರುತು) ಸಿಹಿನೀರಿನಲ್ಲಿ, ಅಲುಗಾಡದೆ ಇಟ್ಟು ಮಾಡಿದ ಪರೀಕ್ಷೆಯದು. ಉಪ್ಪುನೀರಿಗೆ ಆ ಭರವಸೆ ಇಲ್ಲ.

ಬಕೆಟ್ ಪರೀಕ್ಷೆ

ಕ್ಯಾಮೆರಾ ಇಲ್ಲದ ಖಾಲಿ ಕೇಸಿನೊಳಗೆ ಟಿಶ್ಯೂ ಕಾಗದ ಹಾಕಿ ಮುಚ್ಚಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಒಂದೊಂದೂ ಗುಂಡಿಯನ್ನು ಹತ್ತಾರು ಸಲ ಒತ್ತಿ. ಗುಂಡಿಗಳಿಗೂ ಒಳಗೆ ಪುಟ್ಟ ರಿಂಗುಗಳಿವೆ, ಅವೂ ಸವೆಯುತ್ತವೆ. ಒಂದೇ ಕಡೆಯಿಂದ ಸಾಲಾಗಿ ಗುಳ್ಳೆ ಬರುತ್ತಿದ್ದರೆ ಅಲ್ಲಿ ದಾರಿಯಿದೆ ಎಂದೇ ಅರ್ಥ. ಕಾಗದ ಒಣಗಿದ್ದರೆ ಮಾತ್ರ ಕ್ಯಾಮೆರಾ ಒಳಗೆ.

ಗಾಜು ಮಂಜಾದರೆ

ಮಂಜು ಬೇರೆ, ಸೋರಿಕೆ ಬೇರೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುತ್ತದೆ. ಆ ಗಾಳಿಯೇ ಕೇಸಿನೊಳಗೆ ಸಿಕ್ಕಿ, ಕ್ಯಾಮೆರಾದ ಬಿಸಿಗೆ ಕಾದು, ತಣ್ಣನೆಯ ಗಾಜಿಗೆ ತಾಗಿ ಹನಿಯಾಗುತ್ತದೆ. ಎಸಿ ಕೋಣೆಯಲ್ಲಿ ಕೇಸ್ ಮುಚ್ಚಿ, ಒಣಗಿದ ಸಿಲಿಕಾ ಜೆಲ್ ಒಳಗಿಡಿ, ದೋಣಿಯಲ್ಲಿ ಬಿಸಿಲಿಗೆ ಇಡಬೇಡಿ. ಇಷ್ಟಕ್ಕೆ ಮಂಜು ನಿಲ್ಲುತ್ತದೆ.

ಫಿಲ್ಟರ್ ಹಾಕುವವರಿಗೆ

ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರಿಗೇ ಅದು ಬಹುಪಾಲು ಹೋಗಿರುತ್ತದೆ. ಅದಕ್ಕೇ ನೀಲಿ ನೀರಿಗೆ ಕೆಂಪು ಫಿಲ್ಟರ್, ಹಸಿರು ನೀರಿಗೆ ಮೆಜೆಂಟಾ. ಕೇಸಿನ ಹೊರಗೆ ಸಿಕ್ಕಿಸುವ ಫಿಲ್ಟರಿಗೂ ಗಾಜಿಗೂ ನಡುವೆ ನೀರು ತುಂಬಬೇಕು. ಇದನ್ನು ಸೋರಿಕೆಯೆಂದು ತಿಳಿದು ಅಂಚಿಗೆ ಸಿಲಿಕೋನ್ ಅಂಟು ಹಚ್ಚಿ ಮುಚ್ಚಿದವರಿದ್ದಾರೆ. ನಡುವೆ ಗಾಳಿ ಸಿಕ್ಕಿಕೊಂಡರೆ ಆಳದ ಒತ್ತಡವೆಲ್ಲ ಆ ತೆಳು ಗಾಜಿನ ಮೇಲೆ ಬಿದ್ದು ಅದು ಬಿರುಕು ಬಿಡಬಹುದು. ನೀರಿಗಿಳಿದ ಮೇಲೆ ಫಿಲ್ಟರನ್ನು ಕೊಂಚ ಸಡಿಲಿಸಿ, ಗುಳ್ಳೆ ಹೊರಗೆ ಬಿಟ್ಟು, ಮತ್ತೆ ಬಿಗಿಮಾಡಿ. ಒಂದು ದಾರದಿಂದ ಕೇಸಿಗೆ ಕಟ್ಟಿರಿ. ಪ್ರತಿ ಡೈವ್ ಆದ ಮೇಲೆ ಫಿಲ್ಟರನ್ನು ಬಿಚ್ಚಿ ಅದರ ತಿರುಪಿನ ಸುತ್ತುಗಳನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಕಚ್ಚಿ ಅದು ತಿರುಗುವುದೇ ಇಲ್ಲ.

ದೋಣಿಯಿಂದ ನೀರಿಗೆ, ನೀರಿನಿಂದ ಮನೆಗೆ

ಕ್ಯಾಮೆರಾ ಹಿಡಿದು ಹಾರಬೇಡಿ. ನೀವು ಇಳಿದ ಮೇಲೆ ದೋಣಿಯವರಿಂದ ಕೈಗೆ ಇಸಿದುಕೊಳ್ಳಿ. ಒಂದು ಮೀಟರಿನಲ್ಲಿ ನಿಂತು, ಕೇಸ್ ತಿರುಗಿಸಿ, ಗುಳ್ಳೆಯ ಸಾಲು ಇದೆಯೇ ನೋಡಿ, ಆಮೇಲೆ ಕೆಳಗೆ ಹೋಗಿ.

ಒಳಗೆ ನೀರು ಕಂಡರೆ ಗಾಬರಿಯಿಂದ ಮೇಲಕ್ಕೆ ನುಗ್ಗಬೇಡಿ. ಕ್ಯಾಮೆರಾಕ್ಕಿಂತ ನಿಮ್ಮ ಶ್ವಾಸಕೋಶ ದೊಡ್ಡದು. ಲೆನ್ಸಿನ ಗಾಜು ಕೆಳಗಾಗುವಂತೆ ಹಿಡಿದರೆ ನೀರು ಅಲ್ಲೇ ನಿಂತು ಬ್ಯಾಟರಿಯವರೆಗೆ ಹೋಗುವುದು ತಪ್ಪುತ್ತದೆ. ಎಂದಿನ ವೇಗದಲ್ಲಿ ಮೇಲೆ ಬನ್ನಿ. ಬಾಗಿಲನ್ನು ಮುಖದಿಂದ ದೂರ ಹಿಡಿದು ತೆರೆಯಿರಿ, ಆಳದಲ್ಲಿ ಒಳಹೊಕ್ಕ ಒತ್ತಡ ಅದನ್ನು ಚಿಮ್ಮಿಸಬಹುದು. ಬ್ಯಾಟರಿ ತೆಗೆದು ಬೇರೆಯಾಗಿಡಿ. ಉಪ್ಪುನೀರು ಕುಡಿದ ಲಿಥಿಯಂ ಬ್ಯಾಟರಿ ಬಿಸಿಯೇರಬಹುದು. ‘ಒಮ್ಮೆ ಆನ್ ಮಾಡಿ ನೋಡೋಣ’ ಎನ್ನಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ಉಪ್ಪು ಹೋಗುವುದಿಲ್ಲ, ನೇರವಾಗಿ ರಿಪೇರಿಯವರ ಬಳಿ ಒಯ್ಯಿರಿ.

ಎಲ್ಲ ಸರಿಯಾಗಿದ್ದರೆ, ದಡ ಸೇರಿದ ಕೂಡಲೇ ಮುಚ್ಚಿದ ಕೇಸನ್ನೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಗುಂಡಿಗಳನ್ನು ಒತ್ತುತ್ತಿರಿ. ಪೂರ್ತಿ ಒರೆಸಿದ ಮೇಲೆ ತೆರೆಯಿರಿ, ಬಾಗಿಲು ಕೆಳಮುಖವಾಗಿರಲಿ. ವಿಮಾನದಲ್ಲಿ ಒಯ್ಯುವಾಗ ಮುಖ್ಯ ರಿಂಗನ್ನು ತೆಗೆದಿಡಿ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಡಿಮೆ, ಮುಚ್ಚಿದ ಕೇಸ್ ಒಳಗಿನಿಂದ ಉಬ್ಬುತ್ತದೆ. ಜೂನ್ ಬಂದು ದೋಣಿಗಳು ದಡಕ್ಕೇರಿದ ಮೇಲೆ ರಿಂಗನ್ನು ಜಿಪ್ ಇರುವ ಪುಟ್ಟ ಕವರಿನಲ್ಲಿ, ಮಡಚದೆ, ಕೇಸಿನೊಳಗೇ ಇಟ್ಟು, ಚಿಲಕ ಹಾಕದೆ ಎತ್ತಿಡಿ.