ತಂಡದಲ್ಲಿ ಕಳೆದುಹೋಗುತ್ತಿದ್ದ ಬೇಸ್ ಗಿಟಾರ್

ಒಬ್ಬನೇ ನುಡಿಸಿದಾಗ ಕಿಟಕಿಯ ಗಾಜು ನಡುಗಿಸುತ್ತಿದ್ದ ನನ್ನ ಬೇಸ್ ಗಿಟಾರ್, ಡ್ರಮ್ಸ್ ಮತ್ತು ಎರಡು ಗಿಟಾರ್‌ಗಳು ಸೇರಿಕೊಂಡ ಕೂಡಲೇ ಹೇಳಹೆಸರಿಲ್ಲದಂತೆ ಮಾಯವಾಗುತ್ತಿತ್ತು. ಆಂಪ್ಲಿಫೈಯರ್‌ನಲ್ಲಿ ತಗ್ಗಿನ ಸದ್ದನ್ನು ಹೆಚ್ಚಿಸುವ ಬೇಸ್ ಗುಂಡಿ ಏರಿಸಿದಷ್ಟೂ ಗದ್ದಲ ಹೆಚ್ಚಿತೇ ಹೊರತು ಸ್ವರ ಬಿಡಿಬಿಡಿಯಾಗಿ ಕೇಳಿಸಲಿಲ್ಲ.

ದಾರಿ ತೋರಿಸಿದ್ದು ಮೋಟಾರ್‌ಹೆಡ್ ಎಂಬ ರಾಕ್ ತಂಡದ ಬೇಸ್ ವಾದಕ ಲೆಮ್ಮಿ. ಆತ ರಿಕನ್‌ಬ್ಯಾಕರ್ ಬೇಸನ್ನು ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿ, ಬೇಸ್ ಗುಂಡಿಯನ್ನು ಪೂರ್ತಿ ಇಳಿಸಿ ನಡುವಣ ಸದ್ದಿನ ಮಿಡ್ ಗುಂಡಿಯನ್ನು ಪೂರ್ತಿ ಏರಿಸುತ್ತಿದ್ದ. ವಿಚಿತ್ರವೆನಿಸಿದರೂ ಲೆಕ್ಕ ಸರಿಯಾಗಿದೆ. ದಪ್ಪನೆಯ ಇ ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಸ್. ಗಲಾಟೆಯ ನಡುವೆ ಕಿವಿ ಆ ಸ್ವರವನ್ನು ಹಿಡಿಯುವುದು ಮೂಲ ಕಂಪನದ ಜೊತೆಗೇ ಹೊಮ್ಮುವ, ಅದಕ್ಕಿಂತ ಮೇಲಿನ ಅನುಸ್ವರಗಳಿಂದ (ಓವರ್‌ಟೋನ್). ಕೆಳಗೆ 60–80 ಹರ್ಟ್ಸ್ ಬಳಿ ಕಿಕ್ ಡ್ರಮ್ ಆಗಲೇ ಜಾಗ ಹಿಡಿದು ಕೂತಿರುತ್ತದೆ.

ನಾನು ಲೆಮ್ಮಿಯಷ್ಟು ದೂರ ಹೋಗಲಿಲ್ಲ. 60 ಹರ್ಟ್ಸ್ ಆಸುಪಾಸು ತುಸು ತಗ್ಗಿಸಿ, 800ರ ಸುತ್ತ ಏರಿಸಿದೆ. ಗಿಟಾರ್‌ಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ಗಿಟಾರ್ ವಾದಕರನ್ನು ಇದಕ್ಕೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ! ಸದ್ದನ್ನು ಒರಟಾಗಿಸುವ ನನ್ನ ಡಿಸ್ಟಾರ್ಷನ್ ಪೆಡಲ್ ತಗ್ಗಿನ ಸದ್ದನ್ನು ನುಂಗಿಹಾಕುತ್ತಿತ್ತು. ಎರಡೂ ಸದ್ದನ್ನು ಬೆರೆಸುವ ಬ್ಲೆಂಡ್ ಗುಂಡಿಯಿರುವ ಪೆಡಲ್ ತಂದು ಶುದ್ಧ ಸದ್ದನ್ನು ಅರ್ಧದಷ್ಟು ಬೆರೆಸಿದಾಗ ಬುಡ ಮತ್ತೆ ಗಟ್ಟಿಯಾಯಿತು.

ಆದರೂ ಇ ತಂತಿಯೊಂದು ಉಳಿದವನ್ನು ಮೀರಿ ಮೊಳಗುತ್ತಿತ್ತು. ತಿರುಪು ತಿರುಗಿಸಿ, ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ನ ಆ ಬದಿಯನ್ನು ಕೆಳಗಿಳಿಸಿದೆ. ಈಗ ಗಿಟಾರ್ ಕತ್ತಿನ ಕೊನೆಯ ಫ್ರೆಟ್‌ನಲ್ಲಿ (ಲೋಹದ ಅಡ್ಡಪಟ್ಟಿ) ತಂತಿಯನ್ನು ಒತ್ತಿ ಹಿಡಿದರೆ ತಂತಿಗೂ ಪಿಕಪ್‌ಗೂ ಸುಮಾರು 3 ಮಿಲಿಮೀಟರ್ ಅಂತರವಿದೆ, ನಾಲ್ಕೂ ತಂತಿಗಳು ಸಮನಾಗಿ ಕೇಳಿಸುತ್ತವೆ.

ಹಳೆಯ ತಂತಿ ತೆಗೆದು ದುಂಡನೆಯ ಸರಿಗೆ ಸುತ್ತಿದ ಹೊಸ ರೌಂಡ್‌ವೌಂಡ್ ತಂತಿ ಹಾಕಿದ ಮೇಲೆ ಮೊನಚೂ ಬಂತು. ಆ ಖರ್ಚು ಬೇಡವೆನ್ನುವವರು ಮೊದಲು ಮೀಟುವ ಬೆರಳನ್ನು ಬ್ರಿಜ್ (ಗಿಟಾರ್ ಮೈಮೇಲೆ ತಂತಿ ಕೊನೆಗೊಳ್ಳುವ ಜಾಗ) ಕಡೆಗೆ ಸರಿಸಿ ನುಡಿಸಿ ನೋಡಬಹುದು.